ಸಂವಿಧಾನ ಕಟ್ಟಿಹಾಕೋದು ಯಾರನ್ನು? ಮಕ್ಕಳಿಗೆ ಹೇಳಿಕೊಡುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನವೆಂಬರ್ 26, ಸಂವಿಧಾನ ದಿನ ಬಂತು ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದಿಂದ ಭಟ್ಕಳದವರೆಗೆ ಎಲ್ಲ ಶಾಲೆಯಲ್ಲೂ ಮಕ್ಕಳು ಸಾಲಾಗಿ ನಿಂತು ಸಂವಿಧಾನದ ಪೀಠಿಕೆ ಓದುತ್ತಾರೆ. ಚೆನ್ನಾಗಿಯೇ ಓದುತ್ತಾರೆ. ಐದನೇ ತರಗತಿಯ ಮಕ್ಕಳು ಪುಸ್ತಕ ನೋಡದೆ ಹೇಳಿಬಿಡುತ್ತಾರೆ. ಅವರಲ್ಲೊಬ್ಬಳನ್ನು ಪಕ್ಕಕ್ಕೆ ಕರೆದು ಕೇಳಿ: ‘ತಂಗಿ, ಇದರ ಪ್ರಕಾರ ನಡೀಬೇಕಾದವರು ಯಾರು?’ ‘ನಾವು ಅಕ್ಕೋರೇ, ಕಸ ಹಾಕಬಾರದು, ಧ್ವಜಕ್ಕೆ ಮರ್ಯಾದೆ ಕೊಡಬೇಕು’ ಅನ್ನುವ ಉತ್ತರವೇ ಜಾಸ್ತಿ ಬರುತ್ತದೆ.

ಪೂರ್ತಿ ಸುಳ್ಳೇನಲ್ಲ. 51-ಎ ವಿಧಿಯಲ್ಲಿ ನಾಗರಿಕರಿಗೆ 11 ಕರ್ತವ್ಯಗಳಿವೆ. ಆದರೆ ಅವು ಮೂಲದಲ್ಲಿ ಇರಲಿಲ್ಲ. ಹತ್ತು ಸೇರಿದ್ದು 1976ರಲ್ಲಿ, ಹನ್ನೊಂದನೆಯದು 2002ರಲ್ಲಿ. ಅದೂ ಹನ್ನೊಂದನೆಯದು ಅಪ್ಪ-ಅಮ್ಮನಿಗೆ ಹೇಳಿದ್ದು, 6ರಿಂದ 14 ವರ್ಷದ ಮಗುವಿಗೆ ಓದುವ ಅವಕಾಶ ಕೊಡಿ ಅಂತ. ಉಳಿದಂತೆ ಅಷ್ಟು ದಪ್ಪ ಪುಸ್ತಕದ ಬಹುಪಾಲು ಮಾತಾಡೋದು ಅಧಿಕಾರ ಇರುವವರ ಜೊತೆ. ನೀವು ಇಷ್ಟು ಮಾಡಬಹುದು, ಇದನ್ನು ಮಾಡುವ ಹಾಗಿಲ್ಲ, ಮಾಡಿದರೆ ಜನ ಕೋರ್ಟಿಗೆ ಹೋಗಬಹುದು ಅಂತ. ಈ ಒಂದು ವಿಷಯ ಮಗುವಿನ ತಲೆಗೆ ಹೋದರೆ ಬಾಕಿಯೆಲ್ಲ ಅದರ ಹಿಂದೆ ಬರುತ್ತದೆ. ಹೋಗದಿದ್ದರೆ ಸಂವಿಧಾನ ಅನ್ನೋದು ಶಾಲೆಯ ಗೋಡೆ ಮೇಲಿನ ಇನ್ನೊಂದು ‘ಗಲಾಟೆ ಮಾಡಬೇಡಿ’ ಬೋರ್ಡ್ ಆಗಿಬಿಡುತ್ತದೆ.

ಶುರು ಮಾಡೋ ಮೊದಲು

ಮಕ್ಕಳು 9ರಿಂದ 14 ವರ್ಷದವರಿರಲಿ. ಇನ್ನೂ ಚಿಕ್ಕವರಿಗೆ ಮೊದಲ ಹಂತದ ಆಟ ಒಂದೇ ಸಾಕು. ಹತ್ತು ಮಕ್ಕಳು ಆದರೆ ಸರಿ, ಇಪ್ಪತ್ತಾದರೆ ಮಾತು ನಾಲ್ಕು ಜನರ ಬಾಯಲ್ಲೇ ಉಳಿಯುತ್ತದೆ. ವಾರಕ್ಕೊಂದು ಬೈಠಕ್ಕು, ಮುಕ್ಕಾಲು ಗಂಟೆ.

ಜಾಗದ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ದೇವಸ್ಥಾನದ ಪೌಳಿ, ಮಸೀದಿಯ ಅಂಗಳ, ಊರಿನ ದೊಡ್ಡವರ ಮನೆಯ ಜಗಲಿ ಇವೆಲ್ಲ ತಂಪಾಗಿರುತ್ತವೆ ನಿಜ, ಆದರೆ ಊರಿನ ಎಲ್ಲ ಕೇರಿಯ ಮಕ್ಕಳೂ ಅಲ್ಲಿಗೆ ಹಿಂಜರಿಯದೆ ಕಾಲಿಡುತ್ತಾರಾ? ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರ, ಅಂದರೆ ಹಳೆಯ ಲೈಬ್ರರಿ, ಇದಕ್ಕೆ ಒಳ್ಳೆಯ ಜಾಗ. ಶಾಲೆಯ ವರಾಂಡವೂ ಆಗುತ್ತದೆ. ಸಂವಿಧಾನದ ಕನ್ನಡ ಅನುವಾದ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಮೊಬೈಲಿನಲ್ಲಿ ಇಳಿಸಿಟ್ಟುಕೊಳ್ಳಿ. ಚಾಕ್‌ಪೀಸು, ಹಾಳೆ, ಒಂದಿಷ್ಟು ಶೇಂಗಾ ಚಿಕ್ಕಿ. ಅಷ್ಟೇ ಖರ್ಚು.

ಹಂತ 1: ಯಜಮಾನನ ಆಟ

ಚೀಟಿ ಎತ್ತಿ ಒಬ್ಬರನ್ನು ಯಜಮಾನ ಮಾಡಿ. ಹುಡುಗಿ ಬಂದರೆ ಯಜಮಾನ್ತಿ. ಚಿಕ್ಕಿ ಎಲ್ಲಾ ಅವರ ಕೈಗೆ ಕೊಡಿ. ಹತ್ತು ನಿಮಿಷ ಯಾರಿಗೆ ಎಷ್ಟು ಚಿಕ್ಕಿ, ಯಾರು ಎಲ್ಲಿ ಕೂರಬೇಕು, ಯಾರು ಬಾಯಿ ಮುಚ್ಚಿಕೊಂಡಿರಬೇಕು ಎಲ್ಲಾ ಅವರದೇ ತೀರ್ಮಾನ. ನೀವು ಮಧ್ಯೆ ಬಾಯಿ ಹಾಕಬೇಡಿ. ಐದು ನಿಮಿಷದೊಳಗೆ ‘ಅವ ಅವನ ದೋಸ್ತರಿಗೇ ಎರಡೆರಡು ಕೊಟ್ಟ’ ಅನ್ನುವ ದೂರು ಶುರುವಾಗುತ್ತದೆ. ಯಾರಾದರೂ ನಿಜಕ್ಕೂ ಅಳೋ ಹಂತಕ್ಕೆ ಬಂದರೆ ಮಾತ್ರ ಆಗಲೇ ನಿಲ್ಲಿಸಿ.

ಈಗ ಹೇಳಿ: ಇನ್ನೊಬ್ಬ ಯಜಮಾನನನ್ನು ಆರಿಸೋಣ, ಆದರೆ ಮೊದಲು ನಿಯಮ ಬರೆಯೋಣ. ಮಕ್ಕಳು ಬರೆಯುವ ಮೊದಲ ನಿಯಮ ‘ಎಲ್ಲರೂ ಶಿಸ್ತಾಗಿ ಕೂರಬೇಕು’ ಅಂತಲೇ ಇರುತ್ತದೆ. ಅಭ್ಯಾಸಬಲ. ಅದನ್ನು ಒರೆಸಿ. ‘ನಿಮಗಲ್ಲ, ಯಜಮಾನನಿಗೆ ನಿಯಮ ಹಾಕಿ. ಅವನು ಏನು ಮಾಡಬಾರದು?’ ಆಗ ನೋಡಿ, ನಿಜವಾದ ವಿಷಯ ಹೊರಗೆ ಬರುತ್ತದೆ. ದೋಸ್ತರಿಗೆ ಜಾಸ್ತಿ ಕೊಡಬಾರದು. ಮಾತಾಡಿದವರಿಗೆ ಶಿಕ್ಷೆ ಕೊಡುವ ಮೊದಲು ಕಾರಣ ಹೇಳಬೇಕು. ಇಷ್ಟ ಬಂದ ಹಾಗೆ ಮೂಲೆಗೆ ನಿಲ್ಲಿಸಬಾರದು.

ಇಲ್ಲಿ ಅವಸರ ಮಾಡಬೇಡಿ, ಇಡೀ ಕಾರ್ಯಕ್ರಮದ ಬೇರು ಇದು. ಒಂದೊಂದಾಗಿ ಕೇಳುತ್ತಾ ಹೋಗಿ. ಯಜಮಾನ ನಿಯಮ ಮುರಿದ ಅಂತ ತೀರ್ಮಾನ ಮಾಡೋರು ಯಾರು, ಅವನೇನಾ? ಎಷ್ಟು ಹೊತ್ತು ಯಜಮಾನನಾಗಿರಬಹುದು? ಆಟದ ಮಧ್ಯೆ ಅವನೇ ನಿಯಮ ಬದಲಾಯಿಸಬಹುದಾ, ಇಲ್ಲ ಎಲ್ಲರನ್ನೂ ಕೇಳಬೇಕಾ? ಹತ್ತರಲ್ಲಿ ಆರು ಜನ ಸೇರಿಕೊಂಡು ‘ಉಳಿದ ನಾಲ್ವರಿಗೆ ಚಿಕ್ಕಿ ಬೇಡ’ ಅಂದರೆ? ಕೊನೆಯ ಪ್ರಶ್ನೆಗೆ ಗುಂಪು ಸುಮ್ಮನಾಗುತ್ತದೆ. ಬಹುಮತ ಇದ್ದರೆ ಎಲ್ಲಾ ಸರಿ ಅಂದುಕೊಂಡ ಮಗುವಿಗೆ ಹಕ್ಕು ಅಂದರೇನು ಅಂತ ಗೊತ್ತಾಗೋದು ಆಗಲೇ.

ಆಮೇಲೆ ಪುಸ್ತಕ ತೆರೆದು ಎರಡೇ ಎರಡು ವಿಧಿ ತೋರಿಸಿ. 13ನೇ ವಿಧಿ: ಮೂಲಭೂತ ಹಕ್ಕನ್ನು ಕಸಿಯುವ ಕಾನೂನು ಮಾಡಿದರೆ ಅದು ನಿಲ್ಲುವುದಿಲ್ಲ. 32ನೇ ವಿಧಿ: ಆ ಹಕ್ಕಿಗೆ ಧಕ್ಕೆ ಬಂದರೆ ನೇರ ಸುಪ್ರೀಂ ಕೋರ್ಟಿಗೇ ಹೋಗಬಹುದು. ನೀವು ಚಾಕ್‌ಪೀಸಿನಲ್ಲಿ ಬರೆದದ್ದೇ ಇಲ್ಲೂ ಇದೆ ನೋಡಿ ಅಂದರೆ ಮುಖ ಅರಳುತ್ತದೆ.

ಒಂದು ಎಚ್ಚರಿಕೆ. ದೂರು ಹೇಳುವ ರುಚಿ ಹತ್ತಿದ ಮೇಲೆ ಮಗುವೊಂದು ಆಟದ ಆಚೆಯ ನೋವನ್ನೂ ಹೇಳಬಹುದು. ಮನೆಯಲ್ಲಿ ಹೊಡೆತ, ಕೆಟ್ಟ ಸ್ಪರ್ಶ, ಶಾಲೆ ಬಿಡಿಸಿ ಕೆಲಸಕ್ಕೆ ಕಳಿಸೋದು. ಅದನ್ನು ಗುಂಪಿನಲ್ಲಿ ಕೆದಕಬೇಡಿ. ಆಮೇಲೆ ಬೇರೆ ಕೂತು ಕೇಳಿ. ಮಕ್ಕಳ ಸಹಾಯವಾಣಿ 1098 ನಿಮ್ಮ ಮೊಬೈಲಿನಲ್ಲಿ ಮೊದಲೇ ಇರಲಿ.

ಹಂತ 2: ಬರೆದವರ ಕಥೆ, ಅಂಕೋಲೆಯಿಂದ ಶುರು

ದೆಹಲಿಯಿಂದ ಶುರು ಮಾಡಿದರೆ ಮಕ್ಕಳಿಗೆ ನಿದ್ದೆ ಬರುತ್ತದೆ. 1930ರ ಅಂಕೋಲೆಯಿಂದ ಶುರು ಮಾಡಿ. ಉಪ್ಪಿನ ಸತ್ಯಾಗ್ರಹ ನಡೆದ ಊರು. ಅದರ ಬೆನ್ನಿಗೇ ಅಂಕೋಲೆ, ಸಿದ್ದಾಪುರ, ಸಿರಸಿ ಕಡೆ ಕರನಿರಾಕರಣೆ. ತೆರಿಗೆ ಕೊಡಲ್ಲ ಅಂದ ರೈತರ ಜಮೀನು, ದನಕರು, ಪಾತ್ರೆ-ಪಗಡೆ ಎಲ್ಲಾ ಸರ್ಕಾರ ಜಪ್ತಿ ಮಾಡಿತು. ಆ ಸರ್ಕಾರವನ್ನು ಕೇಳೋರು ಯಾರೂ ಇರಲಿಲ್ಲ, ಅದನ್ನು ಆರಿಸಿದ್ದೂ ಇವರಲ್ಲ. ಹಂತ 1ರ ಯಜಮಾನ ಮಕ್ಕಳಿಗೆ ತಾನಾಗೇ ನೆನಪಾಗುತ್ತಾನೆ. ಅಜ್ಜ-ಅಜ್ಜಿ ಹೇಳಿದ ಕಥೆ ಗೊತ್ತಿರೋ ಮಗು ಗುಂಪಿನಲ್ಲಿ ಒಂದಾದರೂ ಇರುತ್ತದೆ. ಅದಕ್ಕೇ ಹೇಳಲು ಬಿಡಿ.

ಅದೇ 1930ರ ಜನವರಿ 26ರಂದು ದೇಶದಲ್ಲೆಲ್ಲ ಪೂರ್ಣ ಸ್ವರಾಜ್ಯದ ದಿನ ಆಚರಿಸಿದ್ದರು. ಸಂವಿಧಾನ ಜಾರಿಗೆ ತರಲು 1950ರ ಜನವರಿ 26ನ್ನೇ ಆರಿಸಿದ್ದು ಅದಕ್ಕೆ.

ಇನ್ನು ದೆಹಲಿಗೆ ಹೋಗಬಹುದು. ಸಂವಿಧಾನ ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9ಕ್ಕೆ. ದೇಶ ಭಾಗವಾದ ಮೇಲೆ 299 ಸದಸ್ಯರು ಉಳಿದರು. ಸಭೆಯ ಅಧ್ಯಕ್ಷರು ರಾಜೇಂದ್ರ ಪ್ರಸಾದ್, ಕರಡು ಸಮಿತಿಯ ಅಧ್ಯಕ್ಷರು ಅಂಬೇಡ್ಕರ್. ಮೊದಲ ಕರಡನ್ನು ತಯಾರಿಸಿಕೊಟ್ಟ ಸಲಹೆಗಾರ ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು ಮಂಗಳೂರಿನಲ್ಲಿ, ನಮ್ಮದೇ ಕರಾವಳಿ. ಆಗ ನಮ್ಮ ಜಿಲ್ಲೆ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ಕನ್ನಡದ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಹೀಗೆ ರಾಜ್ಯದ ಗಡಿ ಬದಲಾಯಿಸುವ ದಾರಿಯೂ ಅದೇ ಪುಸ್ತಕದಲ್ಲಿದೆ, 3ನೇ ವಿಧಿ.

ಎಷ್ಟು ವರ್ಷ, ಎಷ್ಟು ತಿಂಗಳು, ಎಷ್ಟು ದಿನ ಹಿಡಿಯಿತು ಅಂತ ಬಾಯಿಪಾಠ ಮಾಡಿಸೋದು ಬೇಡ, ಅದನ್ನು ಪರೀಕ್ಷೆಯವರು ಮಾಡಿಸಿಕೊಳ್ಳುತ್ತಾರೆ. ಬದಲಿಗೆ ಈ ಅಂಕಿ ಕೊಡಿ. ಕರಡಿಗೆ ಬಂದ ತಿದ್ದುಪಡಿ ಸೂಚನೆಗಳು 7,635, ಸಭೆಯಲ್ಲಿ ಮಂಡನೆಯಾಗಿದ್ದು 2,473. ಅಷ್ಟು ಸಲ ಯಾರೋ ಎದ್ದು ನಿಂತು ‘ಇದು ಹೀಗಿರಬಾರದು’ ಅಂದಿದ್ದಾರೆ. ಜಗಳ ಆಡಿ ಆಡಿಯೇ ಬರೆದ ಪುಸ್ತಕ ಇದು.

ಹಂತ 3: ಆ ಜಗಳವನ್ನೇ ತಾಳಮದ್ದಳೆ ಮಾಡಿ

ನಮ್ಮ ಜಿಲ್ಲೆಯವರಿಗೆ ಇದೊಂದು ಅನುಕೂಲ ಇದೆ. ಹೊನ್ನಾವರ, ಕುಮಟೆ, ಸಿದ್ದಾಪುರದ ಮಕ್ಕಳಿಗೆ ತಾಳಮದ್ದಳೆ ಏನೂ ಹೊಸದಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ವಾದ. ಸಂವಿಧಾನ ಸಭೆಯ ಚರ್ಚೆಗೆ ಇದಕ್ಕಿಂತ ಒಳ್ಳೆಯ ವೇದಿಕೆ ಬೇಕಾ?

ಪ್ರಸಂಗ ನಾನು ಹೇಳುತ್ತೇನೆ. 1949ರ ಅಕ್ಟೋಬರ್ 17. ಪೀಠಿಕೆಯನ್ನು ‘ದೇವರ ಹೆಸರಿನಲ್ಲಿ’ ಅಂತ ಶುರು ಮಾಡಬೇಕು ಅಂತ ಹೆಚ್.ವಿ. ಕಾಮತ್ ತಿದ್ದುಪಡಿ ತಂದರು. ಇವರೂ ಮಂಗಳೂರಿನಲ್ಲಿ ಹುಟ್ಟಿದವರೇ. ಹೃದಯನಾಥ ಕುಂಜ್ರು ವಿರೋಧಿಸಿದರು, ನಂಬಿಕೆಯ ವಿಷಯದಲ್ಲಿ ಯಾರಿಗೂ ಒತ್ತಾಯ ಸಲ್ಲದು ಅಂತ. ಪೂರ್ಣಿಮಾ ಬ್ಯಾನರ್ಜಿ ಇನ್ನೊಂದು ದಿಕ್ಕಿನಿಂದ ಬಂದರು, ದಯವಿಟ್ಟು ದೇವರನ್ನು ಮತಕ್ಕೆ ಹಾಕಬೇಡಿ ಅಂತ ಕಾಮತರನ್ನೇ ಕೇಳಿಕೊಂಡರು. ಕಾಮತ್ ಬಿಡಲಿಲ್ಲ. ಮತಕ್ಕೆ ಹಾಕಿದರು. ಪರವಾಗಿ 41, ವಿರೋಧವಾಗಿ 68. ಬಿದ್ದುಹೋಯಿತು.

ಮೂರು ಮಕ್ಕಳನ್ನು ಅರ್ಥಧಾರಿಗಳಾಗಿ, ಅಂದರೆ ಪಾತ್ರದ ಮಾತಾಡುವವರಾಗಿ ಕೂರಿಸಿ. ಹಾಡು ಬರುವ ಮಗು ಇದ್ದರೆ ಭಾಗವತಿಕೆಯೂ ಆಗಲಿ, ಎರಡು ಸಾಲು ಅವರೇ ಕಟ್ಟಲಿ. ಅರ್ಧ ಆದಮೇಲೆ ಪಾತ್ರ ಅದಲುಬದಲು ಮಾಡಿ. ಕಾಮತರ ಪರ ವಾದಿಸಿದವಳು ಈಗ ಕುಂಜ್ರು ಆಗಬೇಕು. ಯಾರೂ ಖಳನಾಯಕರಲ್ಲ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಗುಂಪು ಒಬ್ಬರ ಮೇಲೆ ಬೀಳುತ್ತದೆ. ಆಮೇಲೆ ಸಭೆಯ ಮತ ಎಣಿಸಿ. ನಿಮ್ಮ ಊರಿನ ಫಲಿತಾಂಶ ದೆಹಲಿಯದಕ್ಕಿಂತ ಬೇರೆ ಬಂದರೂ ಗಾಬರಿ ಬೇಡ. ಒಂದು ಮಾತು ಸೇರಿಸಿ: ಶಾಸಕರು ಇವತ್ತು ಪ್ರಮಾಣವಚನ ತೆಗೆದುಕೊಳ್ಳುವಾಗ ದೇವರ ಹೆಸರಿನಲ್ಲೂ ತೆಗೆದುಕೊಳ್ಳಬಹುದು, ದೇವರ ಹೆಸರಿಲ್ಲದೆಯೂ ತೆಗೆದುಕೊಳ್ಳಬಹುದು. 3ನೇ ಅನುಸೂಚಿ ಎರಡಕ್ಕೂ ಜಾಗ ಇಟ್ಟಿದೆ.

ಹಂತ 4: ವಿಧಿಗಳನ್ನು ಊರಿಗೆ ತನ್ನಿ

ಇಲ್ಲಿ ಎರಡು-ಮೂರು ಬೈಠಕ್ಕು ಹಿಡಿದರೂ ಸರಿ. ನಂಬರು ಹೇಳಿ ಅರ್ಥ ಹೇಳಬೇಡಿ. ಪ್ರಶ್ನೆ ಮೊದಲು, ನಂಬರು ಕೊನೆಗೆ.

ಮೀನುಗಾರರ ಕೇರಿಯಾದರೆ ಪ್ರಶ್ನೆ ಸಿದ್ಧವೇ ಇದೆ. ಇಷ್ಟದ ಕಸುಬು ಮಾಡುವ ಹಕ್ಕು ಎಲ್ಲರಿಗೂ ಇದೆ ಅಂತೀರಿ, ಹಾಗಾದರೆ ಜೂನ್ 1ರಿಂದ ಜುಲೈ 31ರವರೆಗೆ ಅಪ್ಪನ ಟ್ರಾಲರ್ ದಡದಲ್ಲಿ ಯಾಕೆ ನಿಲ್ಲಬೇಕು? ಬಹಳ ಒಳ್ಳೆಯ ಪ್ರಶ್ನೆ. 19ನೇ ವಿಧಿ ಹಕ್ಕು ಕೊಡುತ್ತದೆ, ಅದೇ ವಿಧಿ ಜನರ ಹಿತಕ್ಕಾಗಿ ನ್ಯಾಯವಾದ ಮಿತಿ ಹಾಕಬಹುದು ಅಂತಲೂ ಹೇಳುತ್ತದೆ. ಮಳೆಗಾಲ ಮೀನು ಮರಿ ಮಾಡುವ ಕಾಲ, ಸಮುದ್ರವೂ ಅಪಾಯ. ಆದರೆ ಆ ಮಿತಿ ಕಾನೂನಿನ ಮೂಲಕ ಬರಬೇಕು, ಅತಿ ಆಗಬಾರದು. ಯಾರೋ ಒಬ್ಬ ಅಧಿಕಾರಿ ಬಂದರಿಗೆ ಬಂದು ‘ನಿನ್ನ ದೋಣಿ ಮಾತ್ರ ಬೇಡ’ ಅನ್ನುವ ಹಾಗಿಲ್ಲ. ನಾಡದೋಣಿಗೆ ಯಾಕೆ ಬಿಡುತ್ತಾರೆ, ದೊಡ್ಡ ಬೋಟಿಗೆ ಯಾಕೆ ಬಿಡಲ್ಲ, ಇದು ಸಮಾನತೆಯಾ ಅಲ್ಲವಾ ಅಂತ ಮಕ್ಕಳೇ ಚರ್ಚೆ ಮಾಡಲಿ. 14ನೇ ವಿಧಿಯ ಪಾಠ ಅಲ್ಲೇ ಆಗಿಹೋಗುತ್ತದೆ.

ಭಾಷೆ. ಕಾರವಾರದ ಕಡೆ ಬಹಳ ಮಕ್ಕಳು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. 8ನೇ ಅನುಸೂಚಿಯಲ್ಲಿ 1950ರಲ್ಲಿ 14 ಭಾಷೆಗಳಿದ್ದವು, ಕನ್ನಡ ಆಗಲೇ ಇತ್ತು. ಕೊಂಕಣಿ ಸೇರಿದ್ದು 1992ರಲ್ಲಿ, 71ನೇ ತಿದ್ದುಪಡಿಯಿಂದ. ಈಗ ಒಟ್ಟು 22. ‘ನಮ್ಮ ಭಾಷೆ ಲೇಟಾಗಿ ಬಂತಾ?’ ಅಂತ ಮಗು ಕೇಳಿದರೆ ಹೌದು ಅನ್ನಿ. ಜನ ಕೇಳಿ ಕೇಳಿ ಸೇರಿಸಿದ್ದು ಅನ್ನಿ. ಪಕ್ಕದ ತುಳು ಇನ್ನೂ ಕೇಳುತ್ತಲೇ ಇದೆ.

ಪಟ್ಟಿಗಳು ಹೀಗೆ ಬೆಳೆಯುತ್ತವೆ ಅನ್ನೋದಕ್ಕೆ ಘಟ್ಟದ ಮೇಲಿನ ಉದಾಹರಣೆಯೂ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಬಂದದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ಸಿದ್ದಿ ಮಕ್ಕಳು ಗುಂಪಿನಲ್ಲಿದ್ದರೆ ಅವರನ್ನು ತೋರಿಸಿ ಹೇಳಬೇಡಿ, ಸುಮ್ನೆ ಎಲ್ಲರಿಗೂ ಹೇಳಿದ ಹಾಗೆ ಹೇಳಿ.

17ನೇ ವಿಧಿಗೆ ಬಂದಾಗ ಸಲೀಸಾಗಿ ದಾಟಿ ಹೋಗೋ ಆಸೆ ಆಗುತ್ತದೆ. ದಾಟಬೇಡಿ. ಅಸ್ಪೃಶ್ಯತೆ ರದ್ದು, ಯಾವ ರೂಪದಲ್ಲೂ ಮಾಡುವ ಹಾಗಿಲ್ಲ. 15(2)ರಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಇವೆರಡೂ ಬರೀ ಸರ್ಕಾರವನ್ನಲ್ಲ, ಅಂಗಡಿಯವನನ್ನೂ ನಿಮ್ಮನ್ನೂ ನನ್ನನ್ನೂ ಹಿಡಿಯುತ್ತವೆ. ಯಾಕೆ? ಅಲ್ಲಿ ಯಜಮಾನ ಸರ್ಕಾರ ಅಲ್ಲ, ಊರು. ಹೇಳುವಾಗ ಮೂರು ವಿಷಯ ನೆನಪಿರಲಿ. ಯಾವ ಮಗುವಿನ ಜಾತಿಯನ್ನೂ ಕೇಳಬೇಡಿ. ‘ನಿಮ್ಮ ಮನೆಯಲ್ಲಿ ಹೀಗಿದೆಯಾ’ ಅಂತ ಎಲ್ಲರೆದುರು ಬಾಯಿ ಬಿಡಿಸಬೇಡಿ. ಮತ್ತೆ, ‘ಹಿಂದಿನ ಕಾಲದಲ್ಲಿ ಹೀಗಿತ್ತು’ ಅಂತ ಶುರು ಮಾಡಬೇಡಿ. ಹೊರಗಿನ ಲೋಟ, ಹಿತ್ತಲ ಬಾಗಿಲು ಇವನ್ನು ಕಣ್ಣಾರೆ ನೋಡಿದ ಮಗು ಅಲ್ಲೇ ಕೂತಿರಬಹುದು. ಅದು ನಿಮ್ಮ ಮಾತನ್ನು ಅವತ್ತಿಂದ ನಂಬುವುದಿಲ್ಲ. ‘ಇದು ತಪ್ಪು ಅಂತ 1950ರಲ್ಲೇ ಬರೆದಾಗಿದೆ. ಆದರೂ ಇನ್ನೂ ಕೆಲವು ಕಡೆ ನಡೆಯುತ್ತದೆ, ನಡೆಸಿದರೆ ಅಪರಾಧ’ ಅಂತ ನೇರ ಹೇಳಿ.

ಓದು, ಕೆಲಸ: 21-ಎ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಪುಕ್ಕಟೆ ಶಿಕ್ಷಣ ಹಕ್ಕು, ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. 24ನೇ ವಿಧಿ ಪ್ರಕಾರ 14 ತುಂಬದವರನ್ನು ಕಾರ್ಖಾನೆ, ಗಣಿ, ಅಪಾಯದ ಕೆಲಸಕ್ಕೆ ಹಾಕುವಂತಿಲ್ಲ. ಇಷ್ಟು ಸಾಕು, ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ.

ಕೊನೆಗೊಂದು ತಮಾಷೆಯ ಪ್ರಶ್ನೆ. 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿದೆ. ಹಾಗಾದರೆ ನಮ್ಮ ಅಂಕೋಲೆ ತಾಲೂಕಿನ ತುಳಸಿ ಗೌಡರಿಗೂ ಸುಕ್ರಿ ಬೊಮ್ಮಗೌಡರಿಗೂ ಪದ್ಮಶ್ರೀ ಕೊಟ್ಟಿದ್ದು ಹೇಗೆ? ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಅದು ಗೌರವ, ಬಿರುದಲ್ಲ, ಹೆಸರಿನ ಹಿಂದೆ-ಮುಂದೆ ಹಚ್ಚಿಕೊಳ್ಳಬಾರದು ಅಂತ 1995ರಲ್ಲಿ ತೀರ್ಪು ಬಂತು. ಇದನ್ನು ಕೇಳಿದ ಮೇಲೆ ಮಕ್ಕಳು ಊರಿನ ಫ್ಲೆಕ್ಸುಗಳನ್ನು ನೋಡುವ ರೀತಿಯೇ ಬೇರೆ.

ಹಂತ 5: ಇದು ಯಾರ ಕೈಲಿದೆ?

ಒಳಗೆ ಕೂತಿದ್ದು ಸಾಕು, ಹೊರಗೆ ಹೊರಡಿ. ಕಾರವಾರದಲ್ಲಿದ್ದರೆ ಟಾಗೋರ್ ಕಡಲತೀರ ಸಾಕು. ಕಂಡದ್ದರ ಎದುರು ಮಕ್ಕಳು ಬರೆಯುತ್ತಾ ಹೋಗಲಿ, ಪಂಚಾಯ್ತಿ ಅಥವಾ ನಗರಸಭೆ, ರಾಜ್ಯ, ಕೇಂದ್ರ. ಬೀದಿದೀಪ, ಕಸದ ಗಾಡಿ ನಗರಸಭೆಯದು. ಪೊಲೀಸ್ ಠಾಣೆ ರಾಜ್ಯದ್ದು. ತಲೆ ಮೇಲಿನ ಹೆದ್ದಾರಿ 66 ಕೇಂದ್ರದ್ದು, ಕೊಂಕಣ ರೈಲೂ ಅರಗಾದ ನೌಕಾನೆಲೆಯೂ ಹಾಗೇ. ಇನ್ನು ಎದುರಿನ ಸಮುದ್ರ? ಇಲ್ಲಿ ಎಲ್ಲರೂ ತಪ್ಪುತ್ತಾರೆ. ಮೀನುಗಾರಿಕೆಯ ಮಟ್ಟಿಗೆ ದಡದಿಂದ 12 ನಾಟಿಕಲ್ ಮೈಲಿನೊಳಗೆ ರಾಜ್ಯದ ಕಾನೂನು, ಅದರಾಚೆ ಕೇಂದ್ರದ್ದು. ಯಾವ ವಿಷಯ ಯಾರ ಕೈಲಿ ಅಂತ ಹೇಳುವ 7ನೇ ಅನುಸೂಚಿಯ ಪಟ್ಟಿಗಳನ್ನು ಆಮೇಲೆ ತೋರಿಸಿ. ಸಿರಸಿ ಕಡೆಯವರು ಕಾಡಿನಿಂದ ಶುರು ಮಾಡಬಹುದು. ಅರಣ್ಯ ಮೊದಲು ರಾಜ್ಯದ ಪಟ್ಟಿಯಲ್ಲಿತ್ತು, 1976ರಲ್ಲಿ ಕೇಂದ್ರ, ರಾಜ್ಯ ಇಬ್ಬರಿಗೂ ಸೇರಿದ ಪಟ್ಟಿಗೆ ಹೋಯಿತು. 1983ರಲ್ಲಿ ಸಲ್ಕಣಿ ಕಡೆಯವರು ಮರ ಅಪ್ಪಿಕೊಂಡು ಕೊಡಲಿ ತಡೆದ ಅಪ್ಪಿಕೋ ಕಥೆಯನ್ನೂ ಹೇಳಿ, ಪರಿಸರ ಕಾಪಾಡೋದು 51-ಎ ಪ್ರಕಾರ ನಮ್ಮ ಕರ್ತವ್ಯ, 48-ಎ ಪ್ರಕಾರ ಸರ್ಕಾರ ಮಾಡಬೇಕಾದ ಪ್ರಯತ್ನ.

2024ರ ಜುಲೈನಲ್ಲಿ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಈ ಭಾಗದ ಮಕ್ಕಳಿಗೆ ಚೆನ್ನಾಗಿ ನೆನಪಿದೆ. ಯಾರನ್ನು ಕೇಳಬೇಕು ಅಂತ ಅವರು ಕೇಳಿಯೇ ಕೇಳುತ್ತಾರೆ. ರಸ್ತೆ ಯಾರದು, ಗುಡ್ಡ ಯಾರದು, ರಕ್ಷಣೆ ಯಾರ ಕೆಲಸ ಅಂತ ಬಿಡಿಸಿ ಬರೆಯಿರಿ. ಜೀವದ ಹಕ್ಕು 21ನೇ ವಿಧಿ. ಯಾರ ಪಟ್ಟಿಯಲ್ಲಿದೆ ಅನ್ನೋದು ಕೈತೊಳೆದುಕೊಳ್ಳಲು ನೆಪ ಆಗಬಾರದು ಅಂತಲೂ ಹೇಳಿ.

ಹಂತ 6: ‘ಬದಲಾಯಿಸಬಹುದಾ?’

ಬಹುದು. 368ನೇ ವಿಧಿ. 2023ರ ಹೊತ್ತಿಗೆ 106 ತಿದ್ದುಪಡಿ ಆಗಿವೆ. ಹಾಗಂತ ಏನು ಬೇಕಾದರೂ ಮಾಡಬಹುದಾ? ಇಲ್ಲಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಕಥೆ ಬರಬೇಕು. ಯಕ್ಷಗಾನಕ್ಕೆ ದೊಡ್ಡ ಆಸರೆಯಾಗಿದ್ದವರು, ಹಾಗಾಗಿ ನಮ್ಮ ಕಡೆಯ ಹಿರಿಯರಿಗೂ ಗೊತ್ತು. ಮಠದ ಜಮೀನು ಭೂಸುಧಾರಣೆಗೆ ಹೋಗುತ್ತದೆ ಅಂತ ಕೋರ್ಟಿಗೆ ಹೋದರು. 13 ನ್ಯಾಯಾಧೀಶರು ಕೂತು ಕೇಳಿದರು. 1973ರ ಏಪ್ರಿಲ್ 24ರಂದು, 7-6ರ ಅಂತರದಲ್ಲಿ ತೀರ್ಪು: ಸಂಸತ್ತು ಸಂವಿಧಾನ ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡವುವ ಹಾಗಿಲ್ಲ. ಸ್ವಾಮಿಗಳಿಗೆ ಜಮೀನೇನೂ ಉಳಿಯಲಿಲ್ಲ. ದೇಶಕ್ಕೆ ಮಾತ್ರ ಅವರ ಹೆಸರಿನ ತೀರ್ಪು ಉಳಿಯಿತು. ಹಂತ 1ರಲ್ಲಿ ಆಟದ ಮಧ್ಯೆ ನಿಯಮ ಬದಲಾಯಿಸಲು ಹೋದ ಯಜಮಾನನಿಗೆ ನಿಮ್ಮ ಮಕ್ಕಳು ಏನು ಹೇಳಿದ್ದರು, ಕೇಳಿ.

ಹಂತ 7: ಈಗ ಪೀಠಿಕೆ

ಎಲ್ಲರೂ ಶುರುವಿಗೆ ಇಡುವುದನ್ನು ನಾನು ಇಷ್ಟು ಹಿಂದೆ ಇಟ್ಟಿದ್ದು ಬೇಕಂತಲೇ. ಈಗ ಒಮ್ಮೆ ಎಲ್ಲರೂ ಸೇರಿ ನಿಧಾನಕ್ಕೆ ಓದಲಿ. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಒಂದೊಂದು ಬಂದಾಗಲೂ ಈವರೆಗೆ ಮಾತಾಡಿದ್ದರಲ್ಲಿ ಯಾವುದು ಇದಕ್ಕೆ ಸೇರುತ್ತದೆ ಅಂತ ಕೇಳಿ. ನೀವು ವಿವರಿಸುವ ಕೆಲಸವೇ ಇರೋದಿಲ್ಲ.

ಹಂತ 8: ಮಕ್ಕಳ ಗ್ರಾಮಸಭೆಗೆ ಹೋಗಿ

ನಮ್ಮ ರಾಜ್ಯದ ಪಂಚಾಯ್ತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಬಹಳ ಕಡೆ ಭಾಷಣ, ಬಿಸ್ಕಿಟು, ಫೋಟೋ, ಮುಗೀತು. ನಿಮ್ಮ ಮಕ್ಕಳು ತಯಾರಾಗಿ ಹೋಗಲಿ. ಹತ್ತು ಬೇಡಿಕೆ ಬೇಡ, ಒಂದೇ ಸಾಕು, ಅದೂ ಪಂಚಾಯ್ತಿಯ ಕೈಲಿರುವಂಥದ್ದು. ಶಾಲೆಯ ದಾರಿಯ ಕಾಲುಸಂಕ, ಶೌಚಾಲಯದ ನೀರು, ಬೀದಿದೀಪ. ಎಲ್ಲಿ, ಎಷ್ಟು ಮಕ್ಕಳಿಗೆ ತೊಂದರೆ, ಏನು ಆಗಬೇಕು, ಯಾವಾಗಿನೊಳಗೆ ಅಂತ ಒಂದು ಪುಟ ಬರೆಯಲಿ. ಎರಡು ಪ್ರತಿ ಒಯ್ದು ಒಂದನ್ನು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಲಿ. ‘ಮಕ್ಕಳಿಗೆಲ್ಲ ಸೀಲು ಯಾಕೆ?’ ಅಂದರೆ ನೀವು ಪಕ್ಕದಲ್ಲಿರಿ, ಆದರೆ ಮಾತಾಡಬೇಡಿ. ಅವರೇ ಮಾತಾಡಲಿ.

ಮೂರು ತಿಂಗಳು ಕಾಯಿರಿ. ಏನೂ ಆಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ‘ಇಂಥ ತಾರೀಕಿನ ಮಕ್ಕಳ ಗ್ರಾಮಸಭೆಯ ಬೇಡಿಕೆಯ ಮೇಲೆ ಏನು ಕ್ರಮ ಆಗಿದೆ, ಅದರ ದಾಖಲೆಯ ಪ್ರತಿ ಕೊಡಿ’ ಅಂತ ಬರೆದರೆ ಸಾಕು. ಅರ್ಜಿ ದೊಡ್ಡವರ ಹೆಸರಿನಲ್ಲೇ ಹೋಗಲಿ, ಒಕ್ಕಣೆ ಮಾತ್ರ ಮಕ್ಕಳೇ ಬರೆಯಲಿ.